ಹಿಮ್ಮಡಿ ಒಣಗಿಸಿದ ಹದಿನೆಂಟು ದಿನ

ನಮ್ಮ ಮನೆಗೆ ಕುದುರೆ ಬಂದದ್ದು ತೆಂಗಿನಕಾಯಿ ಸಾಗಿಸುವ ಟೆಂಪೋದಲ್ಲಿ, ಮೈಮೇಲೆ ಒಂದು ಹಳೆಯ ಜಮಖಾನ ಹೊದ್ದುಕೊಂಡು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಟೆಂಪೋದಿಂದ ಇಳಿದ ನನ್ನ ಮೈದುನ, "ಅತ್ಗೆ, ಒಂದು ತಿಂಗ್ಳು ನಿಮ್ ಕೊಟ್ಟಿಗೇಲಿ ಇರ್ಲಿ. ಹುಲ್ಲು ಹಾಕೋದಷ್ಟೆ ಕೆಲ್ಸ," ಅಂದ.

ಇದೇ ಮೈದುನ ಹಿಂದೊಮ್ಮೆ ಹೀಗೇ ಒಂದು ತಿಂಗಳು ಎಂದು ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಗಳು ನಾಲ್ಕು ವರ್ಷದಿಂದ ನಮ್ಮ ಅಟ್ಟದ ಮೇಲಿವೆ. ಆದರೆ ಕುರ್ಚಿಗಳಿಗೆ ಹುಲ್ಲು ಬೇಡ, ಅವು ಲದ್ದಿಯನ್ನೂ ಹಾಕುವುದಿಲ್ಲ.

ಅವನದು ಅರಸೀಕೆರೆಯಲ್ಲಿ ಶಾಮಿಯಾನದ ಅಂಗಡಿ. ಮದುವೆಗೆ ಬೇಕಾದ ಪಾತ್ರೆ, ಪೆಂಡಾಲು, ದೀಪ, ಮೈಕು ಎಲ್ಲ ಅವನೇ ಒದಗಿಸುತ್ತಾನೆ. ಈಚೆಗೆ ಗಂಡುಗಳಿಗೆ ಹೂವಿನ ಕಾರು ಸಾಲದು, ಕುದುರೆ ಏರಿ ಛತ್ರಕ್ಕೆ ಬರಬೇಕು. ಹಾಗಾಗಿ ಹಳೇಬೀಡಿನಲ್ಲಿ ಪ್ರವಾಸಿಗಳ ಮಕ್ಕಳನ್ನು ಕೂರಿಸಿ ಫೋಟೊ ತೆಗೆಸುತ್ತಿದ್ದವನೊಬ್ಬನಿಂದ ಈ ಬಿಳಿಯ ಹೆಣ್ಣುಕುದುರೆಯನ್ನು ಕೊಂಡಿದ್ದ. ಅವನ ಮನೆ ಪೇಟೆಯ ನಡುವೆ, ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ನಮ್ಮದು ಹಾರನಹಳ್ಳಿ. ಮನೆ ಹಿಂದೆ ತೆಂಗಿನ ತೋಟ, ಹಸು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆ. ಬೇಡ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ನನ್ನ ಅತ್ತೆಗೆ ಹೊಳೆಯಿತು.

"ಏನ್ಲಾ, ಹಾಲು ಕೊಡುತ್ತಾ ಅದು?" ಅಂದರು ಮಗನಿಗೆ.

"ಕುದುರೆ ಕಣವ್ವ."

"ಕಣ್ಣು ಕಾಣುತ್ತೆ ನಂಗೆ. ಹಾಲು ಕೊಡುತ್ತಾ ಅಂತ ಕೇಳ್ದೆ."

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರು ಮನೆಯೊಳಗಿಂದ ಬಂದು, ಕುದುರೆಯಿಂದ ನಾಲ್ಕು ಮಾರು ದೂರ ನಿಂತು, ಕೈಯಲ್ಲಿದ್ದ ಫೋನಿನಲ್ಲಿ ನೋಡಿ, "ಇದರ ಹಿಂದೆ ಯಾರೂ ನಿಲ್ಲಬಾರದಂತೆ," ಎಂದು ಎಲ್ಲರಿಗೂ ತಿಳಿಸಿದರು. ಮುಂದಿನ ದಿನಗಳಲ್ಲಿ ಅವರು ಕುದುರೆಯ ಮುಂದೆಯೂ ನಿಲ್ಲಲಿಲ್ಲ.

ನನಗೆ ಮಾತ್ರ ಅದು ಮೊದಲ ದಿನವೇ ಹಿಡಿಸಿತು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕೊಟ್ಟಿಗೆಗೆ ಹೋದರೆ, ತಲೆ ತಗ್ಗಿಸಿ ನನ್ನ ಭುಜಕ್ಕೆ ಮೂಗು ಒತ್ತುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಬೆಳಿಗ್ಗೆ ಎದ್ದೊಡನೆ ನನ್ನನ್ನು ಕಂಡು ಸಂತೋಷಪಟ್ಟ ಮೊದಲ ಜೀವ ಅದು. ಶಿವ ಕೊಡುವುದನ್ನು ಯಾವ ಬಾಗಿಲಿನಿಂದ ಕೊಡುತ್ತಾನೋ ಹೇಳಲಾಗದು. ನಮಗೆ ಟೆಂಪೋದ ಹಿಂಬಾಗಿಲಿನಿಂದ ಕೊಟ್ಟಿದ್ದ.

ತಪ್ಪು ನನ್ನಿಂದಲೇ ಆದದ್ದು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕುದುರೆಯನ್ನು ಹಸುವಿನಂತೆ ಕೊರಳಿಗೆ ಮಾತ್ರ ಕಟ್ಟಿದರೆ ಸುತ್ತಿ ಸುತ್ತಿ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಒಂದು ಹಿಂಗಾಲಿಗೂ ಸಡಿಲವಾಗಿ ಕಟ್ಟಿ ಎಂದು ಮೈದುನ ಹೇಳಿ, ಅದಕ್ಕೆಂದೇ ಮೆತ್ತನೆಯ ಬಟ್ಟೆಯ ಪಟ್ಟಿಯೊಂದನ್ನು ಕೊಟ್ಟುಹೋಗಿದ್ದ. ಆ ಪಟ್ಟಿ ಎರಡನೆಯ ದಿನ ಒದ್ದೆಯಾಯಿತು. ಒಗೆದು ಒಣಹಾಕಿದೆ. ಒಣಗುವ ತನಕ ಇರಲಿ ಎಂದು ಹೊಸ ನಾರಿನ ಹಗ್ಗ ಕಟ್ಟಿದೆ. ತೆಂಗಿನ ಸೀಮೆಯಲ್ಲಿ ಹುಟ್ಟಿ, ತೆಂಗಿನ ಸೀಮೆಗೇ ಸೊಸೆಯಾಗಿ ಬಂದ ನನಗೆ ನಾರಿನ ಹಗ್ಗದಿಂದಾಗದ ಕೆಲಸ ಇದೆಯೆಂದೇ ಗೊತ್ತಿರಲಿಲ್ಲ. ಬಾವಿಗೆ ಅದೇ, ತೊಟ್ಟಿಲಿಗೆ ಅದೇ, ಅಟ್ಟದ ಕುರ್ಚಿಗಳನ್ನು ಬಿಗಿದದ್ದೂ ಅದರಲ್ಲೇ. ಪಟ್ಟಿ ಒಣಗಿತು, ಮಡಿಸಿ ಗೂಡಿನಲ್ಲಿಟ್ಟೆ. ಹಗ್ಗ ಕಾಲಿನಲ್ಲೇ ಉಳಿಯಿತು.

ಮೂರು ದಿನದ ಮೇಲೆ ನೋಡಿದರೆ ಎಡ ಹಿಂಗಾಲಿನ ಗೊರಸಿನ ಮೇಲ್ಗಡೆ, ಹಿಮ್ಮಡಿಯ ಗುಳಿಯಲ್ಲಿ, ಚರ್ಮ ತರಚಿ ಕೆಂಪಗಾಗಿತ್ತು. ದೊಡ್ಡ ಗಾಯವಲ್ಲ, ಒಂದು ಅಡಿಕೆಯಷ್ಟು. ಹಗ್ಗ ಬಿಚ್ಚಿ ಎಸೆದು, ಬಟ್ಟೆಯ ಪಟ್ಟಿಯನ್ನು ಇನ್ನೊಂದು ಕಾಲಿಗೆ ಕಟ್ಟಿದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ನಾಲ್ಕು ದಿನದಲ್ಲಿ ತಾನೇ ವಾಸಿಯಾಗುತ್ತಿತ್ತೇನೋ. ಸುಮ್ಮನಿರುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

ಮಠದ ಸ್ವಾಮಿಗಳು ನಮ್ಮ ಮನೆಗೆ ಬಂದರೆ ಮೊದಲ ಕೆಲಸ ಪಾದ ತೊಳೆಯುವುದು. ಆಮೇಲೆ ಮಿಕ್ಕ ಮಾತು. ತವರಿನಲ್ಲಿ ಅಜ್ಜಿ ಮಾಡುತ್ತಿದ್ದರು, ಇಲ್ಲಿ ಅತ್ತೆ ಮಾಡುತ್ತಿದ್ದರು, ಈಗ ನಾನು ಮಾಡುತ್ತೇನೆ. ಪಾದ ಎಂದ ಕೂಡಲೇ ನನ್ನ ಕೈ ತಾನಾಗಿ ತಂಬಿಗೆಯ ಕಡೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಬಿಸಿನೀರಿಗೆ ಅರಿಶಿನ ಹಾಕಿ, ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದೆ. ಮೊದಲ ತಂಬಿಗೆ ಸುರಿದದ್ದೇ ತಡ, ಒಂದು ಒದೆ. ಬಕೆಟ್ಟು ಹಾರಿ ಗೋಡೆಗೆ ಬಡಿದು ಎರಡಾಯಿತು. ಒದೆ ಬಿದ್ದದ್ದು ಬಕೆಟ್ಟಿಗೆ, ನನ್ನ ಮೊಣಕಾಲಿಗಲ್ಲ. ಅದಕ್ಕಾಗಿ ಆ ದಿನ ದೀಪಕ್ಕೆ ಒಂದು ಬತ್ತಿ ಹೆಚ್ಚು ಹಾಕಿದೆ.

ಆಮೇಲೆ ಹಿಂದೆ ನಿಲ್ಲದೆ ಪಕ್ಕದಲ್ಲಿ ಕುಳಿತೆ. ಚಿಕ್ಕ ಲೋಟದಲ್ಲಿ ನೀರು, ಒಂದೊಂದು ಲೋಟಕ್ಕೆ ಒಂದೊಂದು 'ಓಂ ನಮಃ ಶಿವಾಯ'. ನೂರೆಂಟು ಲೋಟ. ಕುದುರೆಗೂ ಮಂತ್ರ ಹಿತವಾಯಿತೇನೋ, ಕಿವಿ ಆಡಿಸುತ್ತ ನಿಂತಿತು. ಕೊನೆಗೆ ಅರಿಶಿನ ಮತ್ತು ಕೊಬ್ಬರಿ ಎಣ್ಣೆ ಕಲಸಿ ದಪ್ಪಗೆ ಮೆತ್ತಿ, ಒದ್ದೆ ಬಟ್ಟೆ ಸುತ್ತುತ್ತಿದ್ದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇಷ್ಟು ಭಕ್ತಿಯಿಂದ ನಾನು ನನ್ನ ಮಕ್ಕಳ ಗಾಯಕ್ಕೂ ಮಾಡಿದವಳಲ್ಲ.

ಐದು ದಿನ ಹೀಗೆ ಮಾಡಿದ ಮೇಲೆ ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಚರ್ಮ ಬೆಳ್ಳಗೆ ನೆಂದು, ಬಿರುಕು ಬಿಟ್ಟು, ಅಂಚಿನಲ್ಲಿ ಅಂಟಂಟು. ಕುದುರೆ ಕುಂಟತೊಡಗಿತು.

ಬೀದಿಯಲ್ಲಿ ಹೋಗುವವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ಸುಣ್ಣ ಬೆಲ್ಲ ಅಂದರು, ಒಬ್ಬರು ಬೇವಿನೆಣ್ಣೆ ಅಂದರು. ಟ್ರಾಕ್ಟರ್ ಓಡಿಸುವವನೊಬ್ಬ ಸುಟ್ಟ ಎಂಜಿನ್ ಆಯಿಲ್ ಹಚ್ಚಿ ಅಂದ. ಕುದುರೆ ಸಾಕಿದ್ದೀಯೇನಪ್ಪ ಎಂದು ಕೇಳಿದೆ. "ಇಲ್ಲ ಕಣಮ್ಮ, ಟ್ರಾಕ್ಟ್ರು ಯಾವತ್ತೂ ಕುಂಟಿಲ್ಲ," ಅಂದ.

ಆ ವಾರವೇ ಮೈದುನ ಬಂದ. ಕೊಟ್ಟಿಗೆಯಿಂದ ಕುದುರೆಯನ್ನು ಹೊರಗೆ ನಡೆಸಿ ನೋಡಿದ. ಅದು ಮೂರು ಹೆಜ್ಜೆ ಇಟ್ಟು ನಾಲ್ಕನೆಯದನ್ನು ಅರ್ಧಕ್ಕೇ ಎತ್ತಿತು. ಅವನ ಮುಖ ಬಾಡಿತು.

"ಬೇಲೂರಲ್ಲಿ ಮದ್ವೆ ಒಪ್ಕೊಂಡಿದೀನಿ ಅತ್ಗೆ. ಇನ್ನು ಹದಿನೆಂಟು ದಿನ ಐತೆ. ಗಂಡು ಕುದ್ರೆ ಮೇಲೆ ಕೂತು ಕುಂಟ್ಕೊಂಡು ಬಂದ್ರೆ ನನ್ ಅಂಗ್ಡಿ ಬಾಗ್ಲು ಹಾಕ್ದಂಗೇ."

"ವಾಸಿಯಾಗುತ್ತೆ ಕಣಪ್ಪ."

"ಆದ್ರೆ ಸರಿ. ಆಗ್ದಿದ್ರೆ ಹಳೇಬೀಡಿನ ದಲ್ಲಾಳಿಗೆ ಕೊಟ್ಬಿಡ್ತೀನಿ. ಇಟ್ಟಿಗೆ ಗೂಡಿಗೆ ಕುದ್ರೆ ಬೇಕು ಅಂತ ಕೇಳ್ತಾವ್ನೆ. ಗಾಡಿ ಎಳೆಯೋಕೆ."

ಇಟ್ಟಿಗೆ ಗೂಡಿನ ಗಾಡಿಗಳನ್ನು ನಾನು ನೋಡಿದ್ದೇನೆ. ಆ ಪ್ರಾಣಿಗಳ ಬೆನ್ನನ್ನೂ ನೋಡಿದ್ದೇನೆ. ಹಗ್ಗ ಕಟ್ಟಿದವಳು ನಾನು, ನೀರು ಸುರಿದವಳು ನಾನು, ಇಟ್ಟಿಗೆ ಎಳೆಯುವುದು ಅದು. ಅಂದು ಸಂಜೆ ಪೂಜೆಗೆ ಕುಳಿತಾಗ ಕಣ್ಣು ಮುಚ್ಚಿದರೆ ಇಷ್ಟಲಿಂಗದ ಬದಲು ಹಿಮ್ಮಡಿಯೇ ಕಾಣಿಸಿತು. ಮರುದಿನ ಬೆಳಿಗ್ಗೆಯೇ ಯಜಮಾನರನ್ನು ಪಶು ಆಸ್ಪತ್ರೆಗೆ ಓಡಿಸಿದೆ.

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ನನ್ನ ಮಗಳ ವಯಸ್ಸು. ಕುದುರೆಯನ್ನು ಕಂಡು, "ಹಸು, ಎಮ್ಮೆ, ಕುರಿ ದಿನಾ ನೋಡ್ತೀನಿ ಅಮ್ಮ. ಕುದುರೆ ಮುಟ್ಟಿ ಮೂರು ವರ್ಷ ಆಯ್ತು," ಎಂದು ಮೊದಲೇ ಹೇಳಿಬಿಟ್ಟರು. ಬಲ್ಲೆ ಎಂದು ಬರುವವರಿಗಿಂತ ಹೀಗೆ ಹೇಳುವವರು ಮೇಲು ಎನಿಸಿತು. ಅವರು ಕುದುರೆಯ ಭುಜದ ಹತ್ತಿರ ನಿಂತು ಮಾತಾಡಿಸಿ, ಬೆನ್ನಿನಿಂದ ತೊಡೆಗೆ, ತೊಡೆಯಿಂದ ಕೆಳಗೆ ಮೆಲ್ಲಗೆ ಕೈ ಜಾರಿಸಿಕೊಂಡು ಹೋಗಿ ಕಾಲು ಎತ್ತಿಸಿದರು. ಅಂಗೈಯಿಂದ ಬಿಸಿ ಇದೆಯೇ, ಊತ ಇದೆಯೇ ಎಂದು ಮುಟ್ಟಿ ನೋಡಿದರು. ಕುದುರೆ ಒದೆಯಲಿಲ್ಲ. ನಾಲ್ಕು ಮಾರು ದೂರದಿಂದ ನಮ್ಮ ಯಜಮಾನರು, "ಹಾಗೇ ಮಾಡಬೇಕಂತೆ, ಇದರಲ್ಲೂ ಹಾಗೇ ಇದೆ," ಎಂದು ಫೋನು ತೋರಿಸಿದರು.

"ಗಾಯ ಮೇಲ್ಮೇಲಿನದು. ಕೀಲಿಗೆ ಹೋಗಿಲ್ಲ, ಪುಣ್ಯ," ಅಂದರು ಡಾಕ್ಟರಮ್ಮ. "ಏನ್ ಮಾಡ್ತಾ ಇದ್ರಿ ಇದಕ್ಕೆ?"

"ತೊಳೀತಿದ್ದೆ."

"ಎಷ್ಟು ನೀರು?"

"ನೂರೆಂಟು ಲೋಟ," ಅಂದೆ. "ಎರಡು ಹೊತ್ತು, ಐದು ದಿನ."

ಅವರು ಕಾಲು ಕೆಳಗಿಳಿಸಿ ನನ್ನ ಮುಖ ನೋಡಿದರು. ನಗು ತಡೆದುಕೊಂಡದ್ದು ಕಂಡಿತು. "ಅಮ್ಮ, ನಿಮ್ಮ ಕೈಯನ್ನೇ ಐದು ದಿನ ಬಕೆಟ್ಟಲ್ಲಿ ಅದ್ದಿಟ್ರೆ ಏನಾಗುತ್ತೆ? ಹಿಮ್ಮಡಿ ಗುಳಿಯಲ್ಲಿ ಗಾಳಿ ಆಡಲ್ಲ, ಕೂದಲು ಬೇರೆ. ಒದ್ದೆ ನಿಂತ್ರೆ ಚರ್ಮ ಕೊಳೆಯುತ್ತೆ. ಇದಕ್ಕೆ ಬೇಕಾದ್ದು ಔಷಧಿಗಿಂತ ಹೆಚ್ಚಾಗಿ ಒಣಗಿರೋದು."

ಕತ್ತರಿ ತರಿಸಿ ಗಾಯದ ಸುತ್ತಲಿನ ಕೂದಲು ಕತ್ತರಿಸಿದರು. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಒಂದೇ ಒಂದು ಸಲ ತೊಳೆದು, ನೆಂದು ಬಿಟ್ಟುಕೊಂಡ ಚರ್ಮದ ಹೊಪ್ಪಳೆಯನ್ನು ಮಾತ್ರ ತೆಗೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿದರು. ಮೇಲೊಂದು ಮುಲಾಮು, ತೆಳ್ಳಗೆ. ಕುದುರೆಗಳಿಗೆ ಧನುರ್ವಾಯು ಬೇಗ ತಗಲುತ್ತದೆ ಎಂದು ಅದಕ್ಕೊಂದು ಸೂಜಿ. ಕಟ್ಟು ಬೇಡ, ಎಣ್ಣೆ ಬೇಡ. ಕೊಟ್ಟಿಗೆಯ ನೆಲ ಒಣಗಿರಬೇಕು. ಬೆಳಿಗ್ಗೆ ಹುಲ್ಲಿನ ಇಬ್ಬನಿಯಲ್ಲಿ ಕಾಲು ನೆನೆದರೂ ತಕ್ಷಣ ಒರೆಸಬೇಕು. ಉಜ್ಜಬಾರದು, ಒತ್ತಬೇಕು. ಕಾಲು ಬಿಸಿಯಾದರೆ, ಊದಿಕೊಂಡರೆ, ನೆಲಕ್ಕೆ ಊರದಿದ್ದರೆ ಫೋನ್ ಮಾಡಿ ಅಂದರು.

"ನೀರೇ ಮುಟ್ಟಿಸಬಾರದಾ?" ನನಗೆ ಇನ್ನೂ ನಂಬಿಕೆಯಿಲ್ಲ.

"ಜಪ ಮಾಡಿ ಅಮ್ಮ, ಬೇಡ ಅನ್ನಲ್ಲ. ನೀರು ಬಿಟ್ಟು ಮಾಡಿ."

ಇದು ಎಷ್ಟು ಕಷ್ಟವೆಂದು ಯಾರಿಗೂ ಅರ್ಥವಾಗದು. ಬೆಳಗಾದರೆ ಹೊಸ್ತಿಲು ತೊಳೆದು, ಅಂಗಳ ತೊಳೆದು, ತುಳಸಿಗೆ ನೀರೆರೆದು, ದೇವರ ಪಾತ್ರೆ ತೊಳೆದು ದಿನ ಆರಂಭಿಸುವವಳಿಗೆ ಎದುರಿಗೊಂದು ಪಾದವಿಟ್ಟು ನೀರು ಹಾಕಬೇಡ ಎಂದರೆ ಕೈ ಎಲ್ಲಿಡಬೇಕು? ಮೊದಲೆರಡು ದಿನ ತಂಬಿಗೆ ಹಿಡಿದು ಕೊಟ್ಟಿಗೆಯ ಬಾಗಿಲ ತನಕ ಹೋಗಿ ಹಿಂತಿರುಗಿದ್ದೇನೆ. ಮೂರನೆಯ ದಿನ ಶಿವನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ನೂರೆಂಟು ಲೋಟದ ಬದಲು ನೂರೆಂಟು ಒತ್ತು. ಒಂದು 'ಓಂ ನಮಃ ಶಿವಾಯ'ಕ್ಕೆ ಒಣ ಟವೆಲಿನ ಒಂದು ಒತ್ತು.

ಟವೆಲು ದೊಡ್ಡದು, ಯಜಮಾನರ ಹಳೆಯ ಬಿಳಿಯ ಹತ್ತಿಯದು. ಧೂಳು, ಹುಲ್ಲಿನ ಚೂರು ಗಾಯಕ್ಕೆ ತಾಗಬಾರದಲ್ಲ, ಅದಕ್ಕೇ ಕೂರುವ ಮುಂಚೆ ಎರಡು ಸಲ ಫಟ್ ಫಟ್ ಎಂದು ಒದರಿಕೊಳ್ಳುತ್ತಿದ್ದೆ. ಆಮೇಲೆ ಭುಜದಿಂದ ಕೈ ಜಾರಿಸಿಕೊಂಡು ಹೋಗಿ ಕಾಲು ಎತ್ತಿಸಿ ಒರೆಸುವುದು. ನಾಲ್ಕು ದಿನ ಕಳೆದ ಮೇಲೆ ಕೈ ಜಾರಿಸುವ ಅಗತ್ಯವೇ ಉಳಿಯಲಿಲ್ಲ. ನಾನು ಟವೆಲು ಒದರಿದರೆ ಸಾಕು, ಅವಳೇ ಎಡ ಹಿಂಗಾಲನ್ನು ಎತ್ತಿ ಕೊಡುತ್ತಿದ್ದಳು. (ಅಷ್ಟು ಹೊತ್ತಿಗೆ ಅದು ಹೋಗಿ ಅವಳು ಆಗಿದ್ದಳು.) ಒರೆಸಿ ಮುಗಿಸುವ ತನಕ ಇಳಿಸುತ್ತಿರಲಿಲ್ಲ. ಜಾಣೆ ಎಂದು ನಾನು ಹಿಗ್ಗಿದೆ. ಬೆಲ್ಲದ ಚೂರು ಕೊಟ್ಟೆ.

ಯಜಮಾನರು ಬಾಗಿಲಲ್ಲೇ ನಿಂತು ದಿನಾ ಗಾಯ ಅಳೆಯುತ್ತಿದ್ದರು, ಕಣ್ಣಿನಲ್ಲೇ. "ಇವತ್ತು ಅಡಿಕೆ." ಎರಡು ದಿನ ಬಿಟ್ಟು, "ಹುಣಸೆಬೀಜ." ನಡುವೆ ಒಂದು ದಿನ ಮಳೆ ಬಂದು ಕೊಟ್ಟಿಗೆಯ ನೆಲ ಒದ್ದೆಯಾಯಿತು. "ಮತ್ತೆ ಅಡಿಕೆ ಆಯ್ತು ಕಣೇ," ಎಂದು ಬೇಸರದಿಂದ ಹೇಳಿ, ಆ ದಿನ ಅವರೇ ತೋಟದಿಂದ ಒಣ ತೆಂಗಿನ ಗರಿ ಎಳೆದು ತಂದು ನೆಲಕ್ಕೆ ಹಾಸಲು ಕೊಟ್ಟರು, ಬಾಗಿಲ ಹೊರಗಿನಿಂದಲೇ.

ಅತ್ತೆಗೆ ಈ ಆರೈಕೆ ಸಹಿಸಲಾಗಲಿಲ್ಲ. "ಕುದ್ರೆ ಹಿಮ್ಮಡಿಗೆ ಎರಡೊತ್ತು ಸೇವೆ. ನನ್ ಹಿಮ್ಮಡಿ ಒಡೆದು ಎಂಟು ವರ್ಷ ಆಯ್ತು, ಯಾರೂ ಒಂದಿನ ಕಾಲು ಎತ್ತು ಅಂದಿಲ್ಲ."

"ಎತ್ತಿ ಅತ್ತೆ, ಒರೆಸ್ತೀನಿ," ಅಂದೆ.

"ಕುದ್ರೆ ಒರೆಸಿದ ಟವಲ್ನಲ್ಲಾ?"

ಹತ್ತು ದಿನ ಬರಬೇಕಾಗಿದ್ದ ಮುಲಾಮಿನ ಟ್ಯೂಬು ಐದೇ ದಿನಕ್ಕೆ ಚಪ್ಪಟೆಯಾಯಿತು. ನಾನು ತೆಳ್ಳಗೇ ಹಚ್ಚುತ್ತಿದ್ದೆ. ಡಾಕ್ಟರಮ್ಮ ಮತ್ತೊಮ್ಮೆ ನೋಡಲು ಬಂದಾಗ ಕೇಳಿದರು, "ಇಷ್ಟು ಬೇಗ ಹೇಗೆ ಖಾಲಿ ಆಯ್ತಮ್ಮ?" ನಾನು ಟ್ಯೂಬನ್ನು ತಿರುಗಿಸಿ ನೋಡುತ್ತಿದ್ದಾಗ ಜಗಲಿಯ ಮೇಲೆ ಅತ್ತೆ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ಡಾಕ್ಟರಮ್ಮ ಹತ್ತಿರ ಹೋಗಿ ಸೀರೆಯ ಅಂಚು ಸರಿಸಿ ನೋಡಿದರು. ಎಂಟು ವರ್ಷದ ಬಿರುಕುಗಳು ಮುಚ್ಚಿಕೊಳ್ಳುತ್ತಿದ್ದವು.

"ಇದು ಪ್ರಾಣಿಗಳ ಔಷಧಿ ಅಜ್ಜಿ, ಹಚ್ಕೋಬಾರದು. ನಿಮಗೆ ಬೇರೆ ಬರೆಸ್ಕೊಳ್ಳಿ," ಅಂದರು.

"ಎಂಟು ವರ್ಷ ಮನುಷ್ಯರ ಔಷಧಿ ಹಚ್ಚಿದೀನಿ ಕಣವ್ವ. ಅದಕ್ಕೆ ನಾನು ಮನುಷ್ಯಳು ಅಂತ ಗೊತ್ತಾಗ್ಲಿಲ್ಲ," ಅಂದರು ಅತ್ತೆ.

ಹದಿನಾರನೆಯ ದಿನ ಯಜಮಾನರು "ರಾಗಿಕಾಳು" ಅಂದರು. ಹದಿನೇಳನೆಯ ದಿನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗುಲಾಬಿ ಬಣ್ಣದ ಹೊಸ ಚರ್ಮ ಬಂದು ಮುಚ್ಚಿಕೊಂಡಿತ್ತು. ಡಾಕ್ಟರಮ್ಮ ಅಂಗಳದಲ್ಲಿ ನಡೆಸಿ, ಓಡಿಸಿ ನೋಡಿ, ನಿಧಾನವಾಗಿ ಒಂದು ಬೀದಿ ಹೋಗಬಹುದು, ವಾಪಸ್ಸು ಬಂದ ಮೇಲೆ ಒಣಗಿಸಿ ಎಂದರು. ಆದರೆ ಹಿಂಗಾಲನ್ನು ಈಗ ನನ್ನನ್ನು ಬಿಟ್ಟು ಇನ್ನೊಬ್ಬರು ಮುಟ್ಟಿದರೆ ಅವಳು ಬಾಲ ಬೀಸುತ್ತಿದ್ದಳು. ಹಾಗಾಗಿ ಬೇಲೂರಿಗೆ ನಾನೂ ಹೊರಡಬೇಕಾಯಿತು.

"ಕರೀದೇ ಇರೋ ಮದ್ವೆಗೆ ರೇಷ್ಮೆ ಸೀರೆ ಬೇರೆ," ಅಂದರು ಅತ್ತೆ.

"ಕುದುರೆ ಕಡೆಯವರು ಅತ್ತೆ ನಾವು," ಅಂದೆ.

ಬೇಲೂರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಮೆರವಣಿಗೆ. ಒಂದು ಬೀದಿಯ ದೇವಸ್ಥಾನದಿಂದ ಮುಂದಿನ ಬೀದಿಯ ಛತ್ರದ ತನಕ, ಕೂಗಿದರೆ ಕೇಳುವಷ್ಟು ದೂರ. ಗಂಡು ಒಳ್ಳೆಯ ಮೈಕಟ್ಟಿನ ಹುಡುಗ, ಕುದುರೆ ಹತ್ತುವ ಮುಂಚೆ ಮೂರು ಸಲ ನೀರು ಕುಡಿದ. ಹತ್ತಿ ಕುಳಿತ ಮೇಲೆ ಜೀನನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಅಣ್ಣ, ನಿಧಾನ ಕಣಣ್ಣ," ಎಂದು ಮೈದುನನನ್ನು ಬೇಡಿಕೊಂಡ. ಮೈದುನ ಲಗಾಮು ಹಿಡಿದು ಮುಂದೆ. ನಾನು ಟವೆಲು ಚೀಲದಲ್ಲಿಟ್ಟುಕೊಂಡು ಎಡಗಡೆ. ವಾಲಗ ಶುರುವಾಯಿತು. ಅವಳು ನಡೆದಳು. ಒಂದೊಂದು ಹೆಜ್ಜೆಯೂ ನೆಲಕ್ಕೆ ಸಮವಾಗಿ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು. ಹಾರ ಹಿಡಿದ ಹೆಂಗಸೊಬ್ಬಳು ಗಂಡಿನ ತಾಯಿಯ ಕಿವಿಯಲ್ಲಿ, "ಯಾರದು, ಅಳ್ತಿರೋರು? ನಿಮ್ ಕಡೇರಾ?" ಎಂದು ಕೇಳಿದ್ದು ನನಗೂ ಕೇಳಿಸಿತು.

ಹತ್ತು ಮಾರು ಹೋಗಿರಬಹುದು. ಗಂಡಿನ ದೊಡ್ಡಪ್ಪ ಜನ ಸರಿಸಲು ಮುಂದೆ ಬಂದರು. "ಸರ್ಕಳಿ, ಸರ್ಕಳಿ," ಎಂದು ಹೆಗಲ ಮೇಲಿನ ಟವೆಲು ತೆಗೆದು ಒದರಿದರು. ಫಟ್ ಫಟ್.

ಅವಳು ನಿಂತಳು. ಎಡ ಹಿಂಗಾಲು ಎತ್ತಿದಳು.

ಗಂಡು ಒಂದು ಕಡೆಗೆ ವಾಲಿದ. ಪೇಟ ಕಣ್ಣಿನ ಮೇಲೆ ಇಳಿಯಿತು. ಮೈದುನ ಲಗಾಮು ಎಳೆದ, ಹುಶ್ ಅಂದ, ಬೆಲ್ಲ ತೋರಿಸಿದ. ಅವಳು ತಿರುಗಿ ನನ್ನನ್ನೇ ನೋಡುತ್ತಿದ್ದಳು. ನಾನು ರೇಷ್ಮೆ ಸೀರೆ ಮೇಲೆತ್ತಿ ಸಿಕ್ಕಿಸಿ, ಬೀದಿಯ ನಡುವೆ ಕುಳಿತು, ಚೀಲದಿಂದ ಟವೆಲು ತೆಗೆದು ಒತ್ತಿ ಒರೆಸಿದೆ. ಇಳಿಸಿದಳು. ಮೆರವಣಿಗೆ ಮುಂದುವರಿಯಿತು.

ನಮ್ಮ ಕಡೆ ಹೆಗಲ ಮೇಲೆ ಟವೆಲಿಲ್ಲದ ಗಂಡಸು ಯಾರಿದ್ದಾರೆ? ಸೆಕೆಗೆ ಒಬ್ಬರು ಒದರಿದರು, ಕುಣಿಯುತ್ತ ಒಬ್ಬರು ಒದರಿದರು. ಎರಡು ಸಲವೂ ನಾನು ಕುಳಿತೆ, ಎದ್ದೆ. ಛತ್ರದ ಬಾಗಿಲಿಗೆ ಬರುವ ಹೊತ್ತಿಗೆ ಹೆಣ್ಣಿನ ಕಡೆಯವರಿಗೆ ಇದೊಂದು ಶಾಸ್ತ್ರವೆಂದು ಖಾತ್ರಿಯಾಗಿತ್ತು. ಹೆಣ್ಣಿನ ತಾಯಿ ಆರತಿ ತಟ್ಟೆಯ ಜೊತೆಗೆ ಚೊಂಬಿನ ತುಂಬ ಅರಿಶಿನದ ನೀರು ತಂದು ಕುದುರೆಯ ಕಾಲಿನ ಕಡೆ ಬಗ್ಗಿದರು. ನಾನು ಚೊಂಬಿಗೆ ಅಡ್ಡ ಕೈ ಇಟ್ಟೆ.

"ನೀರು ಬೇಡ ತಾಯಿ. ಒಣ ಬಟ್ಟೇಲಿ ಒರೆಸಿದ್ರೆ ಸಾಕು."

"ಒಣ ಶಾಸ್ತ್ರ ಎಲ್ಲಾದ್ರೂ ಉಂಟೇನಮ್ಮ? ಯಾರಾದ್ರೂ ಏನಂದಾರು."

"ಡಾಕ್ಟರು ಹೇಳಿರೋ ಶಾಸ್ತ್ರ," ಅಂದೆ.

ಅವರು ಅರ್ಧ ಮನಸ್ಸಿನಿಂದ ಚೊಂಬು ಪಕ್ಕಕ್ಕಿಟ್ಟರು. ಉಡುಗೊರೆಗೆ ತಂದಿದ್ದ ಹೊಸ ಪಂಚೆಯ ಅಂಚಿನಿಂದ ಹಿಮ್ಮಡಿ ಒರೆಸಿದರು, ಕುದುರೆ ಬಾಲ ಬೀಸದಂತೆ ನಾನು ಹಿಡಿದುಕೊಂಡೆ. ಅವರ ಹಿಂದೆ ಅವರ ವಾರಗಿತ್ತಿ, ಆಮೇಲೆ ನಾದಿನಿ. ಮೇಲೆ ಗಂಡು, "ನಾನು ಇಳೀಲಾ?" ಎಂದು ಕೇಳುತ್ತಿದ್ದ. ಯಾರಿಗೂ ಪುರುಸೊತ್ತಿರಲಿಲ್ಲ.

ಮೈದುನ ಊಟವಾದ ಮೇಲೆ ಕುದುರೆಯನ್ನು ಟೆಂಪೋಗೆ ಹತ್ತಿಸಿ, ದೂರ ಹೋಗಿ ಫೋನ್ ಮಾಡಿ ಬಂದ. "ಕುಂಟ್ಲಿಲ್ಲ, ನಿಜ," ಅಂದ. "ಆದ್ರೆ ಇದು ಕುಂಟೋದಕ್ಕಿಂತ ಅವಮಾನ ಕಣತ್ಗೆ. ಹೋದ ಹೋದ ಮದ್ವೇಲೆಲ್ಲ ಹಿಂದೊಬ್ರು ಟವಲು ಹಿಡ್ಕೊಂಡು ಬರೋಕಾಗುತ್ತಾ? ದಲ್ಲಾಳಿ ಹಳೇಬೀಡಲ್ಲಿ ಕಾಯ್ತೀನಿ ಅಂದವ್ನೆ."

ಕುದುರೆ ಅವನದು. ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತು ಹಳೇಬೀಡಿನ ತನಕ ಪಂಚಾಕ್ಷರಿ ಹೇಳಿಕೊಂಡೆ. ಏನು ಕೇಳಬೇಕೆಂದೇ ತಿಳಿಯಲಿಲ್ಲ. ಕಾಲು ವಾಸಿ ಮಾಡು ಎಂದು ಕೇಳಿದ್ದೆ, ಮಾಡಿದ್ದ. ವಾಸಿಯಾದದ್ದಕ್ಕೇ ಈಗ ಕೈತಪ್ಪಿ ಹೋಗುತ್ತಿದ್ದಾಳೆ. ದೇವರ ಹತ್ತಿರ ಕೇಳುವಾಗ ಪೂರ್ತಿ ಬಿಡಿಸಿ ಕೇಳಬೇಕಿತ್ತು.

ಕೆರೆ ಏರಿಯ ಹತ್ತಿರದ ಟೀ ಅಂಗಡಿಯ ಮುಂದೆ ದಲ್ಲಾಳಿ ನಿಂತಿದ್ದ. ದಪ್ಪ ಮೀಸೆ, ಹೆಗಲ ಮೇಲೆ ಕೆಂಪು ಟವೆಲು. ಕುದುರೆಯನ್ನು ಇಳಿಸಿದರು. ಅವನು ಹಲ್ಲು ನೋಡಿದ, ಬೆನ್ನು ಒತ್ತಿ ನೋಡಿದ, ರಸ್ತೆಯ ಬದಿಯಲ್ಲಿ ನಡೆಸಿ ನೋಡಿದ. "ಎಲ್ಲಿ ಗಾಯ? ಏನೂ ಇಲ್ವಲ್ಲ. ಚೆನ್ನಾಗೈತೆ, ಬುಡು, ಇವತ್ತೇ ತಗೊಂಡೋಯ್ತೀನಿ," ಅಂದ.

ಮೂವರಿಗೂ ಟೀ ಬಂತು. ಅವನು ಸೊರ್ ಎಂದು ಕುಡಿದು, ಹೆಗಲಿನ ಟವೆಲು ತೆಗೆದು ಮೀಸೆ ಒರೆಸಿಕೊಂಡು, ಫಟ್ ಫಟ್ ಎಂದು ಒದರಿ ಮತ್ತೆ ಹೆಗಲಿಗೆ ಹಾಕಿಕೊಂಡ.

ಅವಳು ಕಾಲು ಎತ್ತಿದಳು.

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಏನ್ಲಾ ಇದು?"

"ಏನಿಲ್ಲ, ಅಭ್ಯಾಸ," ಅಂದ ಮೈದುನ.

"ಅಭ್ಯಾಸನಾ? ಮೂವತ್ತು ವರ್ಷದಿಂದ ಕುದ್ರೆ ಯಾಪಾರ ಮಾಡ್ತಾ ಇವ್ನಿ, ನಂಗೇ ಹೇಳ್ತೀಯಾ. ನಡೆಯೋವಾಗ ಸರಿ ಐತೆ, ನಿಂತಾಗ ನೋವು. ಒಳಗೆ ಏನೋ ಐತೆ."

"ಇಲ್ಲ ಮಾರಾಯ. ಬೇಕಾದ್ರೆ ನಮ್ ಅತ್ಗೇನೆ ಕೇಳು. ಅವ್ರು ಸುಳ್ಳೇಳಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ಮೂರು ಕಾಲಿನ ಮೇಲೆ ನಿಂತ ಅವಳೂ ನನ್ನನ್ನೇ ನೋಡುತ್ತಿದ್ದಳು. ನೋವು ಇದೆ ಎಂದು ಒಂದೇ ಮಾತು ಹೇಳಿದ್ದರೆ ಸಾಕಾಗಿತ್ತು, ಅದು ನಾಲಿಗೆಯ ತುದಿಗೂ ಬಂತು. ಆದರೆ ಅಷ್ಟೂ ಹೊತ್ತು ಶಿವನ ಹೆಸರು ಹೇಳಿಕೊಂಡು ಬಂದ ಬಾಯಿ. ಇದ್ದದ್ದನ್ನೇ ಹೇಳಿದೆ.

"ನೋವಿಲ್ಲಪ್ಪ, ಗಾಯ ಪೂರ್ತಿ ವಾಸಿಯಾಗಿದೆ. ಟವೆಲು ಒದರಿದ್ರೆ ಕಾಲು ಎತ್ತುತ್ತಾಳೆ. ಒರೆಸೋ ತನಕ ಇಳಿಸಲ್ಲ. ಒದ್ದೆ ಬಟ್ಟೆ ಆಗಲ್ಲ, ಒಣಗಿದ್ದೇ ಬೇಕು. ಉಜ್ಜಬಾರ್ದು, ಒತ್ತಿ ಒರೆಸ್ಬೇಕು. ನಾನು ದಿನಾ ಎರಡು ಹೊತ್ತು ನೂರೆಂಟು ಸಲ ಒರೆಸ್ತೀನಿ, ಶಿವನಾಮ ಹೇಳ್ಕೊಂಡು."

ದಲ್ಲಾಳಿ ನನ್ನನ್ನು ನೋಡಿದ, ಕುದುರೆಯನ್ನು ನೋಡಿದ, ತನ್ನ ಹೆಗಲ ಮೇಲಿನ ಟವೆಲನ್ನು ನೋಡಿದ. ಅನುಮಾನ ತೀರದೆ ಟವೆಲನ್ನು ತೆಗೆದು ಇನ್ನೊಮ್ಮೆ ಒದರಿದ. ಅವಳು ಎತ್ತಿದ್ದ ಕಾಲನ್ನು ಇನ್ನಷ್ಟು ಮೇಲೆತ್ತಿದಳು.

"ಅಲ್ಲ ಕಣಮ್ಮ," ಅಂದ. "ಗೂಡಿನಲ್ಲಿ ಇರೋರೆಲ್ಲ ತಲೆಗೆ ಟವಲು ಸುತ್ಕೊಂಡಿರ್ತಾರೆ. ದಿನ ಪೂರ್ತಿ ಬೂದಿ ಒದರ್ತಾನೇ ಇರ್ತಾರೆ. ಇದು ಇಟ್ಟಿಗೆ ಎಳೆಯೋದು ಯಾವಾಗ? ಶಿವನಾಮ ಹೇಳೋಕೆ ನಾನು ಯಾರನ್ನ ಇಡ್ಲಿ?" ಲೋಟ ಕೆಳಗಿಟ್ಟು ಮೈದುನನಿಗೆ, "ಬ್ಯಾಡ ಕಣಪ್ಪ. ಕುಂಟುಗುದ್ರೆ ಆದ್ರೆ ವಾಸಿ ಮಾಡ್ಕೋಬೋದು, ಇಂಥದಕ್ಕೆ ಮದ್ದಿಲ್ಲ," ಎಂದು ಬೈಕು ಹತ್ತಿ ಹೋದ.

ಮೈದುನ ನನ್ನ ಕಡೆ ತಿರುಗಿದ. "ಒಂದು ಸುಳ್ಳು ಹೇಳಿದ್ರೂ ಇಷ್ಟು ಕೆಡ್ತಿರ್ಲಿಲ್ಲ ಅತ್ಗೆ. ನಿಜ ಹೇಳಿ ಪೂರ್ತಿ ಕೆಡಿಸಿದ್ರಿ."

"ನೀನೇ ಕೇಳು ಅಂದೆ."

"ನಾನೇ ಅಂದೆ," ಎಂದು ಒಪ್ಪಿಕೊಂಡ. ಆಮೇಲೆ ಅವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು. "ಆ ಹೆಣ್ಣಿನ ತಾಯಿ ಏನಂದ್ರು ಗೊತ್ತಾ, ಎರಡನೇ ಮಗಳ ಮದ್ವೆಗೂ ಇದೇ ಕುದ್ರೆ ಕಳ್ಸಿ, ಆ ಶಾಸ್ತ್ರದಮ್ಮನ್ನೂ ಕಳ್ಸಿ ಅಂತ. ನಾನು ನಾಚ್ಕೆಗೆ ನಿಮಗೆ ಹೇಳ್ಲಿಲ್ಲ. ಬತ್ತೀರಾ?"

"ಬತ್ತೀನಿ," ಅಂದೆ. "ಕುದುರೆ ನಮ್ಮ ಕೊಟ್ಟಿಗೇಲೇ ಇರುತ್ತೆ ಅಂದ್ರೆ ಬತ್ತೀನಿ."

"ಇನ್ನೆಲ್ಲಿಗೆ ಕಳಿಸ್ಲಿ? ಕೊಂಡ್ಕೊಳ್ಳೋರಿಗೆಲ್ಲ ನೀವೇ ಉತ್ರ ಕೊಡ್ತೀರಲ್ಲ."

ಅಷ್ಟೂ ಹೊತ್ತು ಅವಳು ಮೂರು ಕಾಲಿನ ಮೇಲೇ ಇದ್ದಳು. ಟೆಂಪೋದವನು ಹಾರನ್ ಮಾಡಿದ. ನಾನು ಚೀಲದಿಂದ ಟವೆಲು ತೆಗೆಯುವಷ್ಟರಲ್ಲಿ ಮೈದುನ ಕೈ ಚಾಚಿ ಅದನ್ನು ಈಸಿಕೊಂಡ. ಮೊದಲ ಸಲ ಮುಟ್ಟಿದಾಗ ಅವಳು ಬಾಲ ಬೀಸಿ ಅವನ ಮುಖಕ್ಕೇ ಹೊಡೆದಳು. ಅವನು ಕದಲಲಿಲ್ಲ. ನಾನು ಪಕ್ಕದಲ್ಲಿ ನಿಂತು ನಾಮ ಹೇಳಿದೆ, ಅವನು ಒತ್ತಿದ. ನೂರೆಂಟು ಬೇಕಾಗಲಿಲ್ಲ, ಏಳನೆಯ ಒತ್ತಿಗೇ ಅವಳು ಕಾಲು ಇಳಿಸಿದಳು.